ಮದುವೆ ವಿಡಿಯೋ ಅಂಗಡಿಯಲ್ಲಿ ಹೃದಯದ ಪಾಠ

ತಾಂಡೂರಿನಲ್ಲಿ ನಮ್ಮ ಅಕ್ಕನ ಗಂಡನದು ಮದುವೆ ವಿಡಿಯೋ ಅಂಗಡಿ. ಅಲ್ಲಿಗೆ ಸಿಟ್ಟಾಗಿ ಬರುವವರಲ್ಲಿ ಎರಡು ಜಾತಿ. ವಿಡಿಯೋದಲ್ಲಿ ತಮ್ಮ ಮುಖವೇ ಕಾಣಲಿಲ್ಲ ಎಂದು ಬರುವವರು ಒಂದು, ಊಟಕ್ಕೆ ಕೂತಾಗ ಮಾತ್ರ ಕಂಡಿತು ಎಂದು ಬರುವವರು ಇನ್ನೊಂದು. ವಿಜ್ಞಾನದ ಟೀಚರು ಇವೆರಡಕ್ಕೂ ಸೇರದ ಸಿಟ್ಟನ್ನು ಹೊತ್ತು ಮೆಟ್ಟಿಲು ಹತ್ತಿ ಬಂದರು. ಕೌಂಟರಿನ ಹಿಂದೆ ಕೂತಿದ್ದ ನನ್ನನ್ನು ನೋಡಿದ ಮೇಲಂತೂ ಆ ಸಿಟ್ಟಿಗೆ ಇನ್ನೊಂದು ಅಂತಸ್ತು ಕಟ್ಟಿದ ಹಾಗಾಯಿತು.

“ನೀ ಇಲ್ಲಿ ಏನ್ ಮಾಡ್ಲತ್ತಿ?”

“ನಿಮ್ಮ ಆಶೀರ್ವಾದದಿಂದ ಕೂತೀನ್ರಿ ಟೀಚರ್.”

“ನಾ ಅಂಥಾ ಆಶೀರ್ವಾದ ಯಾರಿಗೂ ಮಾಡಿಲ್ಲ. ಆಕಡಿ ಸರಿ. ಅಂಗಡಿಯವರು ಎಲ್ಲಿ ಹೋಗ್ಯಾರ?”

ನಮ್ಮಿಬ್ಬರ ಪರಿಚಯ ಹಳೆಯದು. ನನ್ನ ಮನೆ ಜಹೀರಾಬಾದಾದರೂ ಹೈಸ್ಕೂಲು ಓದಿದ್ದು ನಾರಾಯಣಖೇಡದ ಅಜ್ಜಿಯ ಮನೆಯಲ್ಲಿದ್ದು, ಅಲ್ಲಿನ ಕನ್ನಡ ಸೆಕ್ಷನ್ನಿನಲ್ಲಿ. ಅಲ್ಲಿ ವಿಜ್ಞಾನ ಹೇಳುತ್ತಿದ್ದವರು ಈಕೆ. ಒಂಬತ್ತನೇ ತರಗತಿಯಲ್ಲಿ ಒಂದು ದಿನ ಆಕೆ ಹಲಗೆಯ ಕಡೆ ತಿರುಗಿದಾಗ ಹಿಂದಿನ ಬೆಂಚಿನಿಂದ ಆಕೆಯದೇ ದನಿ ತೆಗೆದು “ಹಾಂ, ಪೆನ್ನು ಕೆಳಗ ಇಡ್ರಿ” ಎಂದೆ. ಇಡೀ ತರಗತಿ ಪೆನ್ನು ಕೆಳಗಿಟ್ಟಿತು. ಆ ವರ್ಷದ ಉಳಿದ ವಿಜ್ಞಾನವನ್ನು ನಾನು ಕಿಟಕಿಯ ಹೊರಗೆ ನಿಂತು ಕಲಿತೆ. ಎಷ್ಟು ಕಲಿತೆ ಎಂಬುದಕ್ಕೆ ಹತ್ತನೇ ತರಗತಿಯನ್ನು ನಾನು ಎರಡು ಜಿಗಿತದಲ್ಲಿ ದಾಟಿದ್ದೇ ಸಾಕ್ಷಿ. ಆಮೇಲೆ ಡಿಗ್ರಿಯಲ್ಲೂ ಒಂದಷ್ಟು ವಿಷಯ ಉಳಿಸಿಕೊಂಡು, ಮನೆಯಲ್ಲಿ ಅಪ್ಪನ ಮುಖ ನೋಡಲಾರದೆ, ಅಕ್ಕನ ಮನೆಗೆ ಬಂದು ಬಿದ್ದಿದ್ದೆ. ಮದುವೆ ಮನೆಗಳಲ್ಲಿ ಮಿಮಿಕ್ರಿ ಮಾಡುತ್ತಿದ್ದೆ. ಊರಲ್ಲಿ ನಾನು ಅಣಕಿಸದೆ ಬಿಟ್ಟವರೆಂದರೆ ಮೂಕರು ಮಾತ್ರ.

ತೆಲಂಗಾಣ ಕೊಡಿ ಎಂದು ಸರಕಾರಿ ನೌಕರರೆಲ್ಲ ಕೆಲಸ ನಿಲ್ಲಿಸಿದ್ದ ಕಾಲ ಅದು. ಬಸ್ಸುಗಳು ಡಿಪೋದೊಳಗೇ ಧೂಳು ತಿನ್ನುತ್ತಿದ್ದವು. ಶಾಲೆಗಳಿಗೆ ಬೀಗ. ಕಲ್ಲಿದ್ದಲು ಗಣಿಯವರೂ ಮುಷ್ಕರಕ್ಕೆ ಇಳಿದಿದ್ದರಿಂದ ಕರೆಂಟು ನೆಂಟರಂತೆ ಬಂದು ಚಹಾ ಕುಡಿಯುವಷ್ಟರಲ್ಲಿ ಹೊರಟುಬಿಡುತ್ತಿತ್ತು. ಟೀಚರು ಕೂಡ ಆ ಮುಷ್ಕರದಲ್ಲಿ, ನಮ್ಮ ಕಡೆಯ ಮಾತಿನಲ್ಲಿ ‘ಸಮ್ಮಿ’ಯಲ್ಲಿ, ಇದ್ದರು. ನಾರಾಯಣಖೇಡದ ಚೌಕದಲ್ಲಿ ಟೆಂಟು ಹಾಕಿ ಸರದಿಯ ಮೇಲೆ ಉಪವಾಸ ಕೂರುತ್ತಿದ್ದವರಲ್ಲಿ ಈಕೆಯೂ ಒಬ್ಬರು. ತಾಂಡೂರಿನಲ್ಲಿ ತಂಗಿಯ ಮನೆಯಿತ್ತು, ನಾಲ್ಕು ದಿನಕ್ಕೆಂದು ಬಂದಿದ್ದರು.

ಅಕ್ಕನ ಗಂಡ, ನಾನು ಮಾವ ಎಂದು ಕರೆಯುವವನು, ಒಳಗಿನಿಂದ ಬಂದ. ಟೀಚರು ಪೀಠಿಕೆ ಹಾಕುವವರಲ್ಲ.

“ಹತ್ತನೇ ಕ್ಲಾಸಿನ ಸೈನ್ಸ್ ಪಾಠ ಸೀಡಿ ಮಾಡಿಕೊಡ್ರಿ. ಪರೀಕ್ಷೆ ಯಾರ ಸಲುವಾಗೂ ನಿಲ್ಲಂಗಿಲ್ಲ. ತೆಲುಗಿನ ಹುಡುಗರಿಗೆ ಗೈಡ್ ಅವ, ಟ್ಯೂಷನ್ ಅದ. ನಮ್ಮ ಕನ್ನಡದವರಿಗೆ ಏನದ? ಬೀದರದಿಂದ ಗೈಡ್ ತಂದ್ರ ಅದು ಕರ್ನಾಟಕದ್ದು, ನಮ್ಮ ಪುಸ್ತಕಕ್ಕ ಕೂಡಂಗಿಲ್ಲ. ಈ ಸಲ ರಿಜಲ್ಟ್ ಬಿತ್ತಂದ್ರ ಕನ್ನಡ ಸೆಕ್ಷನ್ ಮುಚ್ತೀವಿ ಅಂತ ಶಿಕ್ಷಣ ಇಲಾಖೆ ಆಫೀಸಿನವರು ಮಾರಿ ಮ್ಯಾಲೇ ಹೇಳ್ಯಾರ.”

ಅದು ಮುಚ್ಚಿದರೆ ಏನಾಗುತ್ತದೆಂದು ನಮಗೂ ಗೊತ್ತಿತ್ತು. ನಾಗಲಗಿದ್ದದ ಕಡೆಯ ಹಳ್ಳಿಗಳಿಂದ ಬರುವ ಹುಡುಗಿಯರು ಒಂಬತ್ತನೆಯವರೆಗೆ ಕನ್ನಡದಲ್ಲಿ ಓದಿ ಹತ್ತನೆಯದನ್ನು ತೆಲುಗಿನಲ್ಲಿ ಬರೆಯಲಾರರು. ಮನೆಯಲ್ಲೇ ಉಳಿಯುತ್ತಾರೆ, ಅಷ್ಟೇ.

“ನೀವೇ ಹೇಳ್ರಲ್ಲ ಟೀಚರ್, ನಾವು ಶೂಟ್ ಮಾಡ್ತೀವಿ” ಎಂದ ಮಾವ.

“ಸಮ್ಮಿಯೊಳಗ ಕೂತಾಕಿ ನಾ ಪಾಠ ಹೇಳಂಗಿಲ್ಲ. ಬರ್ಕೊಡ್ತೀನಿ. ಬ್ಯಾರೇ ಯಾರರೇ ಓದ್ಲಿ.” ನನ್ನ ಕಡೆ ನೋಡಿ ಸೇರಿಸಿದರು, “ಮನುಷ್ಯಾರು ಯಾರರೇ.”

ಪಾಠ ಮಾಡಿಸಲು ಮದುವೆ ವಿಡಿಯೋದವನೇ ಯಾಕೆ ಎಂದು ನೀವು ಕೇಳಬಹುದು. ನಮ್ಮ ಸುತ್ತಿನಲ್ಲಿ ಕಂಪ್ಯೂಟರಿನೊಳಗೆ ಕನ್ನಡ ಅಕ್ಷರ ಸಾಕಿಕೊಂಡಿದ್ದವನು ಅವನೊಬ್ಬನೇ. ಕನ್ನಡದ ಮನೆಗಳ ಮದುವೆಗೆ ಹುಡುಗ ಹುಡುಗಿಯ ಹೆಸರು ಕನ್ನಡದಲ್ಲೇ ಹಾರಿ ಬಂದು ಕೂರಬೇಕು. ಹಾರಿಸುವ ವಿದ್ಯೆಯಲ್ಲಿ ಮಾವನನ್ನು ಮೀರಿಸಿದವರಿರಲಿಲ್ಲ.

ಮೊದಲ ಪಾಠ ಹೃದಯದ್ದು. ಮಾವ ಅದನ್ನು ಮದುವೆಯ ಹಾಗೆಯೇ ಮಾಡಿದ. ಬಂಗಾರದ ಅಕ್ಷರದಲ್ಲಿ ‘ಹೃದಯದ ರಚನೆ ಮತ್ತು ಕಾರ್ಯ’, ಎರಡು ಕಡೆ ಎರಡು ಪಾರಿವಾಳ. ಪುಸ್ತಕದ ಚಿತ್ರದ ಹಿಂದೆ ಕೆಂಪು ಬಣ್ಣದ ಶೃಂಗಾರದ ಹೃದಯವೊಂದು ಬಡಿದುಕೊಳ್ಳುತ್ತಿತ್ತು. ಮೇಲಿನಿಂದ ಗುಲಾಬಿ ಎಸಳು ಉದುರುತ್ತಿದ್ದವು. ಕೆಳಗೆ ಟೀಚರು ಬರೆದುಕೊಟ್ಟ ವಾಕ್ಯಗಳೆಲ್ಲ ಸಾಲಾಗಿ ಮೇಲೇರುತ್ತಿದ್ದವು. ಹಿಂದೆ ಶಹನಾಯಿ. ನೋಡುವವರ ಕಣ್ಣು ಒಂದು ಗಳಿಗೆಯೂ ಖಾಲಿ ಇರಬಾರದು ಎಂಬುದು ಮಾವನ ಕಸುಬಿನ ಧರ್ಮ.

ದನಿ ನನ್ನದು. ಓದಲು ಬೇರೆ ಮನುಷ್ಯರು ಸಿಗಲಿಲ್ಲ ಎಂದು ಮಾವ ಟೀಚರಿಗೆ ಹೇಳಿದ; ಹುಡುಕಿರಲಿಲ್ಲ ಎಂದು ನಾನು ಹೇಳಲಿಲ್ಲ. ನಾನಾದರೂ ಬರೆದುಕೊಟ್ಟದ್ದನ್ನು ಸುಮ್ಮನೆ ಓದುವ ಆಸಾಮಿಯೇ? ಹೃದಯವನ್ನು ಬಸ್ ಸ್ಟ್ಯಾಂಡ್ ಮಾಡಿದೆ. ಹೃತ್ಕುಕ್ಷಿಯಲ್ಲಿ ಒಬ್ಬ ಕಂಡಕ್ಟರನ್ನು ನಿಲ್ಲಿಸಿದೆ: “ಒಳಗ ಸರೀರಿ, ಒಳಗ ಜಾಗಾ ಭಾಳ ಅದ, ಶ್ವಾಸಕೋಶ ಶ್ವಾಸಕೋಶ ಶ್ವಾಸಕೋಶ!” ಕವಾಟಕ್ಕೆ ಬಾಗಿಲಲ್ಲಿ ಕೂತ ಅಜ್ಜಿಯ ದನಿ: “ಹೊರಗ ಹೋದಾಂವ ಮತ್ತ ಒಳಗ ಕಾಲಿಟ್ರ ನೋಡು!” ಮಾವ ನಕ್ಕು ನಕ್ಕು ಕುರ್ಚಿಯಿಂದ ಜಾರಿದ. ನನಗೋ, ವಿಜ್ಞಾನ ಇಷ್ಟು ಸುಲಭವಿದ್ದಾಗ ಈ ಟೀಚರು ಅದನ್ನು ಅಷ್ಟು ವರ್ಷ ಯಾಕೆ ಕಠಿಣ ಮಾಡಿದರು ಎಂಬ ಅನುಮಾನ ಬಂತು.

ಕರೆಂಟಿಲ್ಲದೆ ತಾವೂ ನೋಡಿರದ ಸೀಡಿ ಹಿಡಿದು ಟೀಚರು ಖೇಡಕ್ಕೆ ಹೊರಟಾಗ ನಾನೂ ಹಿಂದೆ ಬಿದ್ದೆ. ಮಕ್ಕಳು ನಗುವುದನ್ನು ಕಣ್ಣಾರೆ ಕಾಣಬೇಕಲ್ಲ. ಕಲ್ಲಿನ ಲಾರಿಯಲ್ಲಿ ಜಹೀರಾಬಾದಿನವರೆಗೆ, ಅಲ್ಲಿಂದ ಜನ ತೂಗಾಡುವ ಜೀಪಿನಲ್ಲಿ ಖೇಡಕ್ಕೆ. ದಾರಿಯುದ್ದಕ್ಕೂ ಟೀಚರು ನನ್ನೊಡನೆ ಆಡಿದ್ದು ಒಂದೇ ಮಾತು, “ಮೊಣಕೈ ತಗಿ.”

ಒಬ್ಬ ಪಾಲಕರ ಮನೆಯ ಪಡಸಾಲೆಯಲ್ಲಿ ಮಕ್ಕಳನ್ನು ಕೂರಿಸಿ ಸೀಡಿ ಹಚ್ಚಿದೆವು. ಮಕ್ಕಳು ಬಿದ್ದು ಬಿದ್ದು ನಕ್ಕರು. “ಮತ್ತ ಹಚ್ಚರಿ, ಮತ್ತ ಹಚ್ಚರಿ” ಎಂದರು. ನಾನು ಗೋಡೆಗೆ ಒರಗಿ, ಯಾರೋ ಹಾರ ತರುತ್ತಾರೇನೋ ಎಂಬಂತೆ ನಿಂತಿದ್ದೆ. ಟೀಚರು ಟಿವಿ ಆರಿಸಿ ಕೇಳಿದರು:

“ರಕ್ತ ಶ್ವಾಸಕೋಶಕ್ಕ ಯಾಕ ಹೋಗ್ತದ?”

“ಕಂಡಕ್ಟರ್ ಹೋಗು ಅಂದನ್ರಿ ಟೀಚರ್” ಎಂದಳು ಒಬ್ಬಳು.

“ಈಗ ಹೋಗಂಗಿಲ್ರಿ” ಎಂದ ಇನ್ನೊಬ್ಬ. “ಬಂದ್ ಅದ. ಬಸ್ಸಿಲ್ಲ.”

ಎಲ್ಲರೂ ಮತ್ತೆ ನಕ್ಕರು. ಟೀಚರು ನಗಲಿಲ್ಲ. ಆಮ್ಲಜನಕ ಎಂಬ ಶಬ್ದವನ್ನು ಅಷ್ಟು ಮಕ್ಕಳಲ್ಲಿ ಒಬ್ಬರೂ ಉಸುರಲಿಲ್ಲ. ಕಂಡಕ್ಟರನ ಮಾತು ಮಾತ್ರ ಅಕ್ಷರ ತಪ್ಪದೆ ಎಲ್ಲರಿಗೂ ಬಾಯಿಪಾಠ. ಚಿತ್ರದಲ್ಲಿ ಏನೇನಿತ್ತು ಎಂದು ಕೇಳಿದ್ದಕ್ಕೆ ಮುಂದಿನ ಸಾಲಿನ ಹುಡುಗಿ ಯೋಚಿಸಿ, “ಹೂವು” ಎಂದಳು.

ಹೊರಗೆ ಬಂದ ಮೇಲೆ ನನ್ನ ಮೇಲೆ ಬಿತ್ತು. “ಮಂಗ್ಯಾ! ಇವರನ್ನ ನಗಸಾಕ ನಿನ್ನ ಕರದೀನೇನು? ಬೋರ್ಡ್ ಪರೀಕ್ಷೆಯೊಳಗ ನಿನ್ನ ಕಂಡಕ್ಟರ್ ಬಂದು ಬರೀತಾನೇನು? ಸೆಕ್ಷನ್ ಮುಚ್ಚಾಕ ಆಫೀಸಿನವರು ಬ್ಯಾಡ, ನೀ ಒಬ್ಬ ಸಾಕು.”

“ಮಕ್ಕಳಿಗಿ ಬೇಜಾರ್ ಆಗಬಾರದಂತ ಮಾಡಿದ್ನಿರಿ.”

“ಬೇಜಾರ್ ನಿನಗ ಆಗಿದ್ದು. ನಿನಗ ಹೃದಯ ತಿಳಿದಿಲ್ಲ, ಅದಕ್ಕ ಬಸ್ ಸ್ಟ್ಯಾಂಡ್ ಹೇಳ್ದಿ.”

ನಿಜ ಹೇಳಬೇಕೆಂದರೆ ಎಡ ಹೃತ್ಕರ್ಣ ಎಲ್ಲಿದೆ ಎಂದು ನನಗೆ ಆಗಲೂ ಗೊತ್ತಿರಲಿಲ್ಲ.

ಟೀಚರು ಮತ್ತೆ ತಾಂಡೂರಿಗೆ ಬಂದು ಮಾವನ ಪಕ್ಕ ಕುರ್ಚಿ ಎಳೆದು ಕೂತರು. ಆಮೇಲಿನ ದಿನಗಳನ್ನು ಮಾವ ಇಂದಿಗೂ ‘ಆಪರೇಷನ್’ ಎನ್ನುತ್ತಾನೆ. ಮೊದಲು ಗುಲಾಬಿ ಎಸಳಿಗೆ ಕತ್ತರಿ ಬಿತ್ತು.

“ಹೂ ತಗದ್ರ ಬೋಳ ಕಾಣ್ತದ್ರಿ ಟೀಚರ್.”

“ಕಾಣ್ಲಿ. ಹೃದಯ ಬೋಳೇ ಇರ್ತದ.”

ಶಹನಾಯಿ ಹೋಯಿತು. ಪಾರಿವಾಳ ಹಾರಿದವು. ಕೆಳಗೆ ಮೇಲೇರುತ್ತಿದ್ದ ಸಾಲುಗಳ ಸರದಿ ಬಂದಾಗ ಮಾವ ಮಾನಿಟರಿಗೆ ಕೈ ಅಡ್ಡ ಹಿಡಿದ.

“ಅಕ್ಷರ ನೀವೇ ಬರ್ಕೊಟ್ಟೀರಿ! ದನಿನೂ ಅದೇ ಹೇಳ್ತದ, ಅಕ್ಷರನೂ ಅದೇ. ಎರಡು ಸಲ ಆದ್ರ ಗಟ್ಟಿ ಆಗ್ತದಲ್ರಿ?”

“ನೀವು ಮದುವ್ಯಾಗ ಫೋಟೋ ತಗಿಯೂ ಮುಂದ ಯಾರರೇ ಕಿವಿಯೊಳಗ ಲಗ್ನಪತ್ರಿಕಾ ಓದಿದ್ರ ನಿಮಗ ಫೋಟೋ ಗಟ್ಟಿ ಆಗ್ತದೇನು? ಹುಡುಗರು ಅಕ್ಷರ ಓದ್ಲೋ, ಚಿತ್ರ ನೋಡ್ಲೋ? ದನಿ ಹೇಳ್ಲಿ, ಕಣ್ಣು ಚಿತ್ರದ ಮ್ಯಾಲ ಇರ್ಲಿ. ಹೃತ್ಕರ್ಣ ಅಂದಾಗ ಹೃತ್ಕರ್ಣ ಅನ್ನೂದಷ್ಟೇ ಅಕ್ಷರ ಬರ್ಲಿ. ಅದೂ ಹೃತ್ಕರ್ಣದ ಮ್ಯಾಲೇ, ಎಲ್ಲೋ ಕೆಳಗ ಅಲ್ಲ.”

ಮಾವ ಸಿಟ್ಟಿಗೆ ಎದ್ದು ಹೊರಗೆ ಹೋಗಿ ಬೀಡಿ ಸೇದಿ ಬಂದ. ತನ್ನ ಕೈಚಳಕವನ್ನೆಲ್ಲ ಒಬ್ಬರು ಕಸದ ಹಾಗೆ ಗುಡಿಸುತ್ತಿರುವುದನ್ನು ಅವನು ಅಂಗಡಿ ತೆರೆದಾಗಿನಿಂದ ಕಂಡಿರಲಿಲ್ಲ. ನನಗೆ ಒಳಗೊಳಗೆ ಖುಷಿ. ಕತ್ತರಿ ನನ್ನ ಕಡೆ ತಿರುಗುವವರೆಗೆ.

ಕಂಡಕ್ಟರ್ ಹೋದ, ಅಜ್ಜಿ ಹೋದಳು. “ಈಗ ನಿನ್ನ ದನಿಯೊಳಗ ಓದು” ಎಂದರು. ಓದಿದೆ. “ಇದು ರೇಡಿಯೋದಾಂವ” ಎಂದರು. ಮತ್ತೆ ಓದಿದೆ. “ಇದು ಸ್ಟೇಷನ್ನಿನ್ಯಾಗ ಗಾಡಿ ಲೇಟ್ ಅದ ಅಂತಾಳಲ್ಲ, ಆಕಿ.” ಇನ್ನೊಮ್ಮೆ ಓದಿದೆ. ಟೀಚರು ಮಾವನ ಕಡೆ ನೋಡಿದರು. ಮಾವ ಹೇಳಿದ, “ಇದು ನಾ.” ಎಷ್ಟೇ ಪ್ರಯತ್ನಿಸಿದರೂ ಯಾರದಾದರೂ ಗಂಟಲು ಬಂದು ನನ್ನ ಗಂಟಲಲ್ಲಿ ಕೂರುತ್ತಿತ್ತು. ನನ್ನದು ಎಂಬ ದನಿಯೇನಾದರೂ ಇದ್ದರೆ ಅದು ಊಟಕ್ಕೆ ಕೂಗುವಾಗ ಮಾತ್ರ ಬರುತ್ತದೆಂದು ಅಕ್ಕ ಅಡುಗೆಮನೆಯಿಂದ ಸಾಕ್ಷಿ ಹೇಳಿದಳು.

ಅಷ್ಟರಲ್ಲಿ ಖೇಡದಿಂದ ಟೀಚರಿಗೆ ಫೋನು ಬಂತು. ಉಪವಾಸಕ್ಕೆ ಕೂರುವ ಅವರ ಸರದಿ ಬಂದಿತ್ತು. “ಒಂದು ವಾರದೊಳಗ ಬಂದು ಕೇಳ್ತೀನಿ. ಅಲ್ಲೀತನ ಯಾರಿಗೂ ಕೊಡಬ್ಯಾಡ್ರಿ” ಎಂದು ಹೇಳಿ ಹೊರಟರು. ಅವರು ಹೋದ ಮೇಲೆ ಹೆದ್ದಾರಿಯೇ ಕಟ್ಟಿಹೋಯಿತು. ಜಹೀರಾಬಾದಿನಲ್ಲಿ ರಸ್ತೆಯ ನಡುವೆ ಒಲೆ ಹೂಡಿ ಸಾವಿರಾರು ಜನ ಅಲ್ಲೇ ಅಡುಗೆ, ಅಲ್ಲೇ ಊಟ. ಕೊಹೀರಿನ ಹತ್ತಿರ ಮರ ಕಡಿದು ಅಡ್ಡ ಹಾಕಿದ್ದರು. ವಾರ ಕಳೆಯಿತು, ಟೀಚರು ಬರಲಾಗಲಿಲ್ಲ. ಅತ್ತ ಪಾಲಕರು ದಿನಾ ಫೋನು ಮಾಡಿ ಸೀಡಿ ಎಲ್ಲಿ, ಸೀಡಿ ಎಲ್ಲಿ ಎಂದು ಮಾವನ ಜೀವ ತಿನ್ನುತ್ತಿದ್ದರು.

ತಾಂಡೂರಿನಲ್ಲಿ ದನಿ ಹಿಡಿಯುವುದು ಎಷ್ಟು ಕಷ್ಟವೆಂಬುದು ಅಲ್ಲಿ ಇದ್ದವರಿಗೇ ಗೊತ್ತು. ನಮ್ಮ ಅಂಗಡಿಯ ಹಿಂದೆಯೇ ಕಲ್ಲು ಪಾಲಿಷ್ ಮಾಡುವ ಮಷೀನುಗಳು. ಕರೆಂಟು ಇದ್ದರೆ ಅವು ಕಿರುಚುತ್ತವೆ. ಕರೆಂಟು ಹೋದರೆ ಊರು ತಣ್ಣಗಾಗುತ್ತದೆ, ಕಂಪ್ಯೂಟರೂ ತಣ್ಣಗಾಗುತ್ತದೆ. ಹಾಗಾಗಿ ನಾವು ಕರೆಂಟು ಹೋದ ಕೂಡಲೇ ಗೋಡೆಗೆ ಕೌದಿ ಕಟ್ಟಿ, ಯಾರದೋ ಲ್ಯಾಪ್‌ಟಾಪಿನ ಬ್ಯಾಟರಿಯ ಮೇಲೆ ದನಿ ಹಿಡಿಯುತ್ತಿದ್ದೆವು. ಆ ಬ್ಯಾಟರಿಗೂ ನನ್ನಂತೆ ಬೇಗ ದಣಿಯುವ ಚಟ. ಪ್ರತಿ ಸಲ ತುಸುವೇ ಹೇಳಿ ನಿಲ್ಲಿಸಬೇಕು.

ಒಂದು ಮಧ್ಯಾಹ್ನ, ಕೌದಿಯ ನಡುವೆ ಬೆವರುತ್ತ ಕೂತಾಗ, ಬೇಸರಕ್ಕೆ ಟೀಚರ ದನಿ ತೆಗೆದೆ. ಅಣಕಿಸುವುದಕ್ಕೆಂದೇ ತೆಗೆದದ್ದು. “ಹಾಂ, ಪೆನ್ನು ಕೆಳಗ ಇಡ್ರಿ. ಮೊದಲ ನೋಡ್ರಿ. ಬರಿಯೂದು ಆಮ್ಯಾಲ.” ಮಾವ ತಟ್ಟನೆ ತಲೆ ಎತ್ತಿದ.

“ಇದರೊಳಗ ಪಾಠ ಹೇಳು.”

“ಆಕಿ ನನ್ನ ಕೊಲ್ತಾಳ್ರಿ ಮಾಮಾ.”

“ಕೊಂದ್ರ ವಿಡಿಯೋ ನಾ ಮಾಡ್ತೀನಿ, ನಡಿ.”

ದನಿ ಎಂದರೆ ಗಂಟಲು ಮಾತ್ರ ಎಂದುಕೊಂಡಿದ್ದೆ. ಈಕೆಯದು ಹಾಗಿರಲಿಲ್ಲ. ಆಕೆಯ ಹಾಗೆ ಹೇಳಬೇಕೆಂದರೆ ಆಕೆಯ ಹಾಗೆ ಸುಮ್ಮನಿರಲೂ ಬೇಕಿತ್ತು. ಚಿತ್ರ ಬರೆಯುವಾಗ ಆಕೆ ಮಾತಾಡುತ್ತಿರಲಿಲ್ಲ. ಸೀಮೆಸುಣ್ಣದ ಸದ್ದು ಮಾತ್ರ. ಬರೆದು ಮುಗಿಸಿ ಪಕ್ಕಕ್ಕೆ ಸರಿದು, ನಾವು ನೋಡುವಷ್ಟು ಹೊತ್ತು ಬಿಟ್ಟು, ಆಮೇಲೆ ಬೆರಳಿನಿಂದ ಟಕ್ ಟಕ್ ಬಡಿದು ಅದೊಂದೇ ಜಾಗ ತೋರಿಸುತ್ತಿದ್ದರು. “ಇದು ಬಲಗಡಿ. ನಿಮಗ ಎಡಗಡಿ ಕಾಣ್ಲತ್ತದ, ಯಾಕ? ಚಿತ್ರದಾಂವ ನಿಮ್ಮ ಎದುರಿಗಿ ಕೂತಾನ, ಅದಕ್ಕ.” ಹೊಸದೊಂದು ಹೇಳುವ ಮೊದಲು ನಿಂತು ಕೇಳುತ್ತಿದ್ದರು, “ತಿಳೀತೋ, ಸುಮ್ಕ ಗೋಣು ಹಾಕ್ಲತ್ತೀರೋ?” ಇವನ್ನೆಲ್ಲ ನಾನು ಕಲಿತದ್ದು ಅಣಕಿಸುವುದಕ್ಕಾಗಿ. ಈಗ ಅಣಕಿಸುತ್ತ ಹೋದಂತೆ ಮಾವ ಅದರ ಹಿಂದೆ ಚಿತ್ರ ಓಡಿಸಿದ. ನಾನು ಸುಮ್ಮನಾದಲ್ಲಿ ಚಿತ್ರವನ್ನು ಸುಮ್ಮನೆ ನಿಲ್ಲಿಸಿದ. ಟಕ್ ಟಕ್ ಎಂದಲ್ಲಿ ಆ ಭಾಗಕ್ಕಷ್ಟೇ ಬಣ್ಣ ಹಚ್ಚಿದ. “ತಿಳೀತೋ” ಎಂದಲ್ಲಿ ತುಂಡು ಮುಗಿಸಿದ. ಬ್ಯಾಟರಿಯೂ ಅಲ್ಲಿಗೇ ಮುಗಿಯುತ್ತಿತ್ತು. ಎಡ ಹೃತ್ಕರ್ಣ ಎಲ್ಲಿದೆ ಎಂದು ನನಗೆ ತಿಳಿದದ್ದು ಅವತ್ತು, ನನ್ನದೇ ಬಾಯಿಯಿಂದ.

ಟೀಚರು ಬಂದು ಕೇಳುವವರೆಗೆ ಕಾಯಬೇಕಿತ್ತು. ಕಾಯಲಿಲ್ಲ. ಪಾಲಕರ ಕಾಟ ತಾಳದೆ ಮಾವ ಸೀಡಿಗಳನ್ನು, ಬಂದಿನಲ್ಲೂ ಯಾರೂ ತಡೆಯದ ಹಾಲಿನ ವ್ಯಾನಿನವನ ಕೈಗೆ ಕೊಟ್ಟು ಕಳಿಸಿಬಿಟ್ಟ. ಮದುವೆ ಸೀಡಿಯ ಅಭ್ಯಾಸದಲ್ಲಿ ಪ್ರತಿಯೊಂದರ ಹೊದಿಕೆಯ ಮೇಲೂ ಅಂಗಡಿಯ ಫೋನ್ ನಂಬರು ಹಾಕಿದ್ದ. ಹಳ್ಳಿಹಳ್ಳಿಗೂ ಸೀಡಿ ಹೋಯಿತು. ಕರೆಂಟು ಬಂದಾಗ ಒಂದೊಂದು ತುಂಡು ನೋಡುತ್ತಾರೆ, ಮತ್ತೆ ಹಚ್ಚಿ ನೋಡುತ್ತಾರೆ, ಟೀಚರೇ ಕೂತು ಹೇಳಿದಂತಿದೆ ಎಂದು ಪಾಲಕರು ಹೊಗಳಿದರು. ನಾನು ಅಂಗಡಿಯಲ್ಲಿ ಕಾಲರ್ ಎತ್ತಿಕೊಂಡು ತಿರುಗಿದೆ.

ಆ ಹೊದಿಕೆಯ ನಂಬರಿಗೇ ಇನ್ನೊಂದು ಫೋನು ಬಂತು. ಟೆಂಟಿನ ಮುಖಂಡರು, ಅದೇ ಶಾಲೆಯ ತೆಲುಗು ಸೆಕ್ಷನ್ನಿನ ಗಣಿತದ ಮಾಸ್ತರು. ಊರಲ್ಲಿ ನಡೆದು ಹೋಗುವಾಗ ಯಾವುದೋ ಮನೆಯೊಳಗಿನಿಂದ ಟೀಚರು ಪಾಠ ಹೇಳುವುದು ಅವರ ಕಿವಿಗೆ ಬಿದ್ದಿತ್ತು. ಹಗಲೆಲ್ಲ ಮುಷ್ಕರದ ಟೆಂಟಿನಲ್ಲಿ ಕೂತು, ಹಿಂದಿನಿಂದ ಸೀಡಿಯಲ್ಲಿ ಪಾಠ! ಸೀಡಿಗಳನ್ನೆಲ್ಲ ಮನೆಮನೆಯಿಂದ ಕೂಡಿಸಿ ತಂದಿದ್ದೇವೆ, ಮಾಡಿದವರು ಬಂದು ಉತ್ತರ ಕೊಡದಿದ್ದರೆ ನಾಳೆ ಚೌಕದಲ್ಲಿ ಸುಡುತ್ತೇವೆ ಎಂದರು.

“ನೀ ಹೋಗು” ಎಂದ ಮಾವ. “ನನಗ ಮದುವಿ ಅದ.”

“ಬಂದ್‌ದಾಗ ಯಾರ ಮದುವಿರಿ?”

“ಯಾರದರೇ ಇರ್ತದ.”

ಅದೇ ಹಾಲಿನ ವ್ಯಾನು ಹತ್ತಿ ನಾನು ಹೋದೆ. ಟೆಂಟಿನ ಮುಂದೆ ಸೀಡಿಗಳ ಗುಡ್ಡೆ. ಚಾಪೆಯ ಮೇಲೆ ಕೊರಳಿಗೆ ಹೂಮಾಲೆ ಹಾಕಿಕೊಂಡು ಟೀಚರು ಕೂತಿದ್ದರು, ಮುಖ ಕಲ್ಲಾಗಿತ್ತು. ಜೊತೆಗೆ ಉಪವಾಸ ಕೂತ ಹೆಂಗಸರು ಅವರಿಂದ ಚಾಪೆಯಷ್ಟು ದೂರ ಸರಿದಿದ್ದರು.

“ನನಗ ಗೊತ್ತಿಲ್ಲ” ಎನ್ನುತ್ತಿದ್ದರು ಟೀಚರು. “ಬರ್ದು ಕೊಟ್ಟೀನಿ, ಖರೆ. ಹೇಳಿಲ್ಲ.”

“ಹೇಳಿಲ್ಲ?” ಎಂದರು ಮಾಸ್ತರು. “ಕೇಳ್ರಿ ಹಂಗಾರ.”

ಭಾಷಣದ ದೊಡ್ಡ ಸ್ಪೀಕರಿಗೆ ಸೀಡಿ ಹಚ್ಚಿದರು. ಇಡೀ ಚೌಕದ ಮೇಲೆ ದನಿ ಹರಡಿತು: “ಹಾಂ, ಪೆನ್ನು ಕೆಳಗ ಇಡ್ರಿ. ಮೊದಲ ನೋಡ್ರಿ.” ಅಲ್ಲಿ ಮೊದಲ ಸಲ ಟೀಚರು ಅದನ್ನು ಕೇಳಿದರು. ಕೈ ತಾನಾಗಿ ಗಂಟಲಿಗೆ ಹೋಯಿತು. ಆಮೇಲೆ ಮೆಲ್ಲಗೆ ತಲೆ ತಿರುಗಿಸಿ ಗುಂಪಿನಲ್ಲಿ ನನ್ನನ್ನು ಹುಡುಕಿದರು. ಸಿಕ್ಕೆ.

“ಅವನಿಗಿ ಕೇಳ್ರಿ” ಎಂದರು. “ಆ ಮಂಗ್ಯಾಗ.”

“ನಾನೇರಿ ಸಾರ್, ನನ್ನ ದನಿ ಅದು” ಎಂದೆ. ಯಾರೂ ನಂಬಲಿಲ್ಲ. ಟೀಚರನ್ನು ಉಳಿಸಲು ಹಳೆಯ ಶಿಷ್ಯ ಸುಳ್ಳು ಹೇಳುತ್ತಿದ್ದಾನೆ ಎಂದರು. ನನ್ನ ಜನ್ಮದಲ್ಲಿ ನನ್ನ ಮೇಲೆ ಬಂದ ಏಕೈಕ ಒಳ್ಳೆಯ ಆರೋಪ ಅದು. ಮಾಸ್ತರು ಮೈಕು ಕೈಗಿತ್ತರು. “ಮಾಡಿ ತೋರ್ಸು.”

ಮೈಕು ಸಿಕ್ಕರೆ ನನಗೆ ಬುದ್ಧಿ ಇರುವುದಿಲ್ಲ. ಮೊದಲು ಮಾಸ್ತರನ್ನೇ ಮಾಡಿದೆ, ಒಂದು ವಾಕ್ಯ ಕನ್ನಡ, ಒಂದು ವಾಕ್ಯ ತೆಲುಗು, ನಡುವೆ ಮೂಗು ಒರೆಸಿಕೊಳ್ಳುವುದು: “ಅಣ್ಣಲಾರಾ, ಅಕ್ಕಲಾರಾ, ಈ ಲೆಕ್ಕ ಬಿಡಸಾಕ ದಿಲ್ಲಿಯವರಿಗಿ ಬರಂಗಿಲ್ಲ!” ಟೆಂಟು ನಕ್ಕಿತು. ಮಾಸ್ತರ ಮುಖ ಕೆಂಪಾಯಿತು. “ಆಕಿದು ಮಾಡೋ” ಎಂದು ಗದರಿದರು.

ಮಾಡಿದೆ. ನಂಬಿಸುವುದಕ್ಕೆ ದನಿ ಒಂದೇ ಸಾಲದು ಎಂದು ಎಲ್ಲವನ್ನೂ ಮಾಡಿದೆ. ಸೆರಗು ಸೊಂಟಕ್ಕೆ ಸಿಕ್ಕಿಸುವುದು, ಪಕ್ಕಕ್ಕೆ ಸರಿದು ನಿಲ್ಲುವುದು, ಮೈಕಿನ ಕಂಬಕ್ಕೆ ಟಕ್ ಟಕ್. “ಇದು ಬಲಗಡಿ. ನಿಮಗ ಎಡಗಡಿ ಕಾಣ್ಲತ್ತದ, ಯಾಕ?” ಕೇಳಿ ಆಕೆಯ ಹಾಗೆಯೇ ಹಿಂದಿನ ಸಾಲನ್ನು ದಿಟ್ಟಿಸಿದೆ. ಹಿಂದಿನ ಸಾಲಿನಲ್ಲಿದ್ದ ತಹಸೀಲ್ ಕಚೇರಿಯ ಗುಮಾಸ್ತರೊಬ್ಬರು ಗಾಬರಿಯಿಂದ ನೆಟ್ಟಗೆ ಕೂತರು. ಚೌಕವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಚಾಪೆಯಷ್ಟು ದೂರ ಸರಿದಿದ್ದ ಹೆಂಗಸರೂ ಸೆರಗು ಬಾಯಿಗೆ ಹಿಡಿದು ನಕ್ಕರು. “ವನ್ಸ್ ಮೋರ್!” ಎಂದು ಯಾರೋ ಕೂಗಿದರು. ನಗದವರು ಇಬ್ಬರೇ. ಒಬ್ಬರು ಮಾಸ್ತರು. ಇನ್ನೊಬ್ಬರು ಚಾಪೆಯ ಮೇಲೆ, ಹೂಮಾಲೆಯ ಎಸಳನ್ನು ಒಂದೊಂದಾಗಿ ಕೀಳುತ್ತ, ತಾವೇ ತಮ್ಮ ಎದುರಿಗೆ ನಿಂತದ್ದನ್ನು ನೋಡುತ್ತಿದ್ದರು.

ಟೀಚರು ಪಾಠ ಹೇಳಿಲ್ಲವೆಂಬುದು ಸಾಬೀತಾಯಿತು. ಆದರೆ ಸೀಡಿ ಸುಡಬೇಕೋ ಬೇಡವೋ? ಮುಷ್ಕರದಲ್ಲಿ ಪಾಠ ನಡೆಯಕೂಡದು ಎಂದು ಕೆಲವರು. ಇದು ಪಾಠ ಹೇಗಾಗುತ್ತದೆ, ಇವನು ಮಾಸ್ತರನೇ, ಇದು ಮಿಮಿಕ್ರಿ ಎಂದು ಗುಮಾಸ್ತರು. ಕಲಾವಿದರಿಗೆ ಮುಷ್ಕರವಿಲ್ಲ, ದಿನಾ ಟೆಂಟಿನಲ್ಲಿ ಹಾಡುತ್ತಾರಲ್ಲ ಎಂದು ಇನ್ನೊಬ್ಬರು. ಕೊನೆಗೆ ಮಾಸ್ತರು ತೀರ್ಪು ಕೊಟ್ಟರು: ಸುಡುವುದಿಲ್ಲ, ಆದರೆ ಇನ್ನು ಮೇಲೆ ಪ್ರತಿ ಸೀಡಿಯಲ್ಲೂ ಪಾಠ ನಡೆಯುವಾಗ ಮೇಲೆ ‘ಜೈ ತೆಲಂಗಾಣ’ ಎಂದು ಓಡುತ್ತಿರಬೇಕು, ಹಿಂದೆ ಹೋರಾಟದ ಹಾಡು ಇರಬೇಕು.

ನಾನು ಆಗಲಿ ಸಾರ್ ಎಂದುಬಿಟ್ಟಿದ್ದೆ. ಆಗ ಟೀಚರು ಎದ್ದು ನಿಂತರು. ಅನ್ನ ಕಾಣದ ದನಿ ತುಸು ನಡುಗುತ್ತಿತ್ತು.

“ಜೈ ತೆಲಂಗಾಣ ನಾನೂ ಅಂತೀನಿ, ಅದಕ್ಕೇ ಇಲ್ಲಿ ಕೂತೀನಿ. ಸೀಡಿ ಶುರು ಆಗೂಕ್ಕಿಂತ ಮೊದಲ ಹಾಕ್ರಿ, ದೊಡ್ಡದಾಗಿ ಹಾಕ್ರಿ. ಪಾಠ ಶುರು ಆದ ಮ್ಯಾಲ ಚಿತ್ರದ ಮ್ಯಾಲ ಏನೂ ಓಡಬಾರದು. ಹಾಡು ಬ್ಯಾಡ. ಇಲ್ಲಂದ್ರ ಸುಡ್ರಿ.”

ಮಾಸ್ತರು ಮೂಗು ಒರೆಸಿಕೊಂಡು, “ಸರೆ, ಮೊದಲ ಹಾಕ್ರಿ” ಎಂದರು.

ಚಳಿಗಾಲದ ಹೊತ್ತಿಗೆ ಶಾಲೆಗಳು ತೆರೆದವು, ಪರೀಕ್ಷೆ ಆಯಿತು, ಫಲಿತಾಂಶ ಬಂತು. ಕನ್ನಡ ಸೆಕ್ಷನ್ನಿನಲ್ಲಿ ವಿಜ್ಞಾನಕ್ಕೆ ಬಿದ್ದವರು ತೀರಾ ಕಡಿಮೆ. ಆಫೀಸಿನವರು ಮುಚ್ಚಲಿಲ್ಲ. ಹಾಗೆಂದು ಉಳಿಸಿದ್ದೇವೆ ಎಂದೂ ಹೇಳಲಿಲ್ಲ. ಇನ್ನೊಂದು ವರ್ಷ ನೋಡೋಣ ಎಂದರು. ಚಳವಳಿ ನಿಂತಿರಲಿಲ್ಲ, ಶಾಲೆ ಮತ್ತೆ ಯಾವಾಗ ಮುಚ್ಚುತ್ತದೋ ಯಾರಿಗೂ ಗೊತ್ತಿರಲಿಲ್ಲ. ಮುಂದಿನ ವರ್ಷದ ಪಾಠಗಳಿಗೂ ಸೀಡಿ ಬೇಕಿತ್ತು.

ಬೇಸಿಗೆ ರಜೆಯಲ್ಲಿ ಟೀಚರು ತಾಂಡೂರಿಗೆ ಬಂದರು. ನನ್ನನ್ನು ನೋಡಲಿಲ್ಲ. “ಈಗ ಸಮ್ಮಿ ಇಲ್ಲ. ನಾನೇ ಹೇಳ್ತೀನಿ” ಎಂದು ಮಾವನಿಗೆ ಹೇಳಿ ಕೌದಿಯ ಕೋಣೆಗೆ ಹೋದರು. ನಾನು ಬಟನ್ ಒತ್ತುವವನಾಗಿ ಕೂತೆ.

ಜೀರ್ಣಕ್ರಿಯೆಯ ಪಾಠ. ಟೀಚರು ಹೇಳತೊಡಗಿದರು. ತಪ್ಪೇನೂ ಇರಲಿಲ್ಲ, ಪುಸ್ತಕದಲ್ಲಿದ್ದ ಹಾಗೆಯೇ ಇತ್ತು. ಆದರೆ “ಹಾಂ” ಎನ್ನಲು ಬಾಯಿ ತೆರೆದು ನುಂಗಿಕೊಂಡರು. ಬೆರಳು ಎತ್ತಿ, ಟಕ್ ಎನ್ನುವ ಮೊದಲೇ ಮಡಚಿಕೊಂಡರು. ಸುಮ್ಮನಿರಬೇಕಾದಲ್ಲಿ ಸುಮ್ಮನಿರಲು ಹೆದರಿ ಮುಂದಿನ ವಾಕ್ಯಕ್ಕೆ ಓಡಿದರು. ತಿಳಿಯಿತೋ ಎಂದು ಕೇಳಲೇ ಇಲ್ಲ. ಮಾವ ಹಿಡಿದದ್ದನ್ನು ಹಚ್ಚಿ ಕೇಳಿಸಿದ. ಮೂವರೂ ಕೊನೆಯವರೆಗೆ ಕೇಳಿದೆವು. ಮಾವ ಗೋಡೆ ನೋಡಿದ. ನಾನು ಜೀವನದಲ್ಲಿ ಮೊದಲ ಸಲ ಬಾಯಿ ಮುಚ್ಚಿಕೊಂಡಿದ್ದೆ.

“ಬಾಯಿ ತಗದ್ರ ನನಗ ನಿನ್ನ ದನಿನೇ ಕೇಳಸ್ತದ” ಎಂದರು ಟೀಚರು, ನೆಲ ನೋಡುತ್ತ. “ಕ್ಲಾಸಿನ್ಯಾಗೂ ಹಂಗೇ ಆಗ್ಲತ್ತದ. ಹಾಂ ಅಂದ್ರ ಹುಡುಗರು ನಗ್ತಾವ. ಸೀಡಿ ಟೀಚರ್ ಅಂತಾವ.”

“ಟೀಚರ್, ನಾ...”

“ನೀ ಏನೂ ಹೇಳಬ್ಯಾಡ. ನಿನ್ನ ಮಾತು ಕೇಳಾಕ ಬಂದಿಲ್ಲ.” ಎದ್ದು ತಮ್ಮ ಹಾಳೆಗಳನ್ನು ನನ್ನ ತೊಡೆಯ ಮೇಲೆ ಎಸೆದರು. “ನಂದು ಅಳಸ್ರಿ. ಇವನೇ ಹೇಳ್ಲಿ. ಹುಡುಗರು ಪಾಸಾಗಬೇಕು, ಸೆಕ್ಷನ್ ಉಳೀಬೇಕು. ಯಾರ ಗಂಟಲಾದ್ರೇನು.”

ಮಾವ ಅಳಿಸಿದ. ಟೀಚರು ಅಳಿಸುವುದನ್ನು ನಿಂತು ನೋಡಿದರು. ಆಮೇಲೆ ಹೊರಗೆ ಹೋಗಿ, ಅಂಗಡಿಯ ಮುಂದಿನ ಕಲ್ಲುಚಪ್ಪಡಿಯ ಮೇಲೆ ನಮಗೆ ಬೆನ್ನು ಹಾಕಿ ಕೂತರು. ನಡುವೆ ಬಂದಿದ್ದ ಕರೆಂಟು ಆಗ ಮತ್ತೆ ಹೋಯಿತು. ಹಿಂದಿನ ಮಷೀನುಗಳು ನಿಂತವು. ಬಾಗಿಲು ಹಾಕಿದರೂ ಒಳಗಿನ ಮಾತು ಹೊರಗೆ ಕೇಳುತ್ತದೆಂದು ನಮ್ಮೆಲ್ಲರಿಗೂ ಗೊತ್ತಿತ್ತು. ಟೀಚರು ಸೆರಗನ್ನು ಕಿವಿಯ ಮೇಲೆ ಎಳೆದುಕೊಂಡರು. ಮಾವ ನನಗೆ ಕೈ ಸನ್ನೆ ಮಾಡಿದ. ನಾನು ಹಾಳೆ ತೆರೆದು, ಉಸಿರು ಎಳೆದುಕೊಂಡು, “ಹಾಂ” ಎಂದೆ.